ಗಾಳಿಯಣ್ಣನ ಡಬ್ಬಿ

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಟೈರಿಗೆ ಗಾಳಿ ತುಂಬುವವನನ್ನು ಎಲ್ಲರೂ ಗಾಳಿಯಣ್ಣ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ಆಳು ಹಗುರ ಎಂದುಕೊಳ್ಳಬೇಡಿ. ಬಸ್ಸಿನ ಹಿಂದಿನ ಚಕ್ರವನ್ನು ಒಬ್ಬನೇ ಉರುಳಿಸಿಕೊಂಡು ಬರುವ ಗಟ್ಟಿ ಮೈ. ಮಾತಿನಲ್ಲಿ ಮಾತ್ರ ಮಹಾ ಜಿಪುಣ, ಬಾಯಿ ಬಿಟ್ಟರೆ ಮುತ್ತು ಉದುರಿ ಹೋದೀತು ಎಂಬಂತೆ ತುಟಿ ಬಿಗಿದುಕೊಂಡೇ ಇರುತ್ತಿದ್ದ.

ಮಧ್ಯಾಹ್ನದ ಊಟಕ್ಕೆ ನಾಲ್ವರು ಒಟ್ಟಿಗೆ ಕೂರುತ್ತಿದ್ದರು: ಗಾಳಿಯಣ್ಣ, ವೆಲ್ಡರ್, ಎಲೆಕ್ಟ್ರಿಷಿಯನ್, ಮತ್ತು ಬಸ್ಸುಗಳಿಗೆ ಬಣ್ಣ ಬಳಿಯುವ ಪೇಂಟರ್. ಬಿಡಿಭಾಗ ತುಂಬಿಕೊಂಡು ಬಂದ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿದರೆ ಅದೇ ಮೇಜು, ಅದರ ಮೇಲೆ ಹಳೆಯ ಪೇಪರು. ಪೇಂಟರ್ ಎಲ್ಲರಿಗಿಂತ ಹಿರಿಯ, ಹಾಗಾಗಿ ಕಾನೂನೂ ಅವನದೇ. ಡಬ್ಬಿಗಳು ಸುತ್ತು ಹೊಡೆಯಬೇಕು. ಎಲ್ಲರೂ ಎಲ್ಲರದ್ದನ್ನೂ ತಿನ್ನಬೇಕು, ತಮ್ಮದೊಂದನ್ನು ಬಿಟ್ಟು. ತಿಂದ ಮೇಲೆ, ಮಾಡಿದವರಿಗೆ ಒಂದು ಮಾತು ಹೇಳಿ ಕಳಿಸಬೇಕು. ಸುಮ್ಮನೆ ಕೈ ತೊಳೆದುಕೊಂಡು ಎದ್ದವನಿಗೆ ಪೇಂಟರ್ ಬೈಗುಳದ ಮಂಗಳಾರತಿ ಎತ್ತುತ್ತಿದ್ದ.

“ಅತ್ತಿಗೆಗೆ ಹೇಳು, ಬೇಳೆ ಹದವಾಗಿ ಬೆಂದಿತ್ತು ಅಂತ” ಎನ್ನುವನು ಎಲೆಕ್ಟ್ರಿಷಿಯನ್. ಗಾಳಿಯಣ್ಣ “ಹೂಂ” ಎನ್ನುವನು. ಸಂಜೆ ಮನೆಗೆ ಹೋಗಿ, ಚಪ್ಪಲಿ ಬಿಡುತ್ತಲೇ, “ಬೇಳೆ ಹದವಾಗಿತ್ತಂತೆ” ಎಂದು ಹೆಂಡತಿಗೆ ಒಪ್ಪಿಸಿ ಕೈಕಾಲು ತೊಳೆಯಲು ಹೋಗುವನು. ಹೀಗೇ ವರ್ಷಗಳು ಉರುಳಿದವು. ಮಕ್ಕಳಿರಲಿಲ್ಲ, ಜಗಳವೂ ಇರಲಿಲ್ಲ.

ಹೀಗಿರುವಾಗ ಅವನ ನಾದಿನಿ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಳು. ಪಕ್ಕದ ಊರಿನಲ್ಲಿ ಅವಳದೊಂದು ಹೊಲಿಗೆ ಅಂಗಡಿ. ತಂಗಿಯನ್ನು ನೋಡಿಕೊಳ್ಳಲು ಗಾಳಿಯಣ್ಣನ ಹೆಂಡತಿ ಒಂದು ಚೀಲ ಹಿಡಿದು ಹೊರಟಳು. ಕಾಲು ಕೂಡಿಕೊಂಡಿತು, ತಂಗಿ ನಡೆದಾಡಿದಳು, ಅಕ್ಕ ಮಾತ್ರ ಹಿಂದಿರುಗಲಿಲ್ಲ. “ಇಲ್ಲಿ ಕೆಲಸ ತುಂಬ ಇದೆ ರೀ” ಎಂದಳು ಮೊದಮೊದಲು. ಆಮೇಲೆ ಅದನ್ನೂ ಹೇಳುವುದು ಬಿಟ್ಟಳು. ಸಿಟ್ಟಿಲ್ಲ, ಸೆಡವಿಲ್ಲ. ಹೋದಲ್ಲಿ ಮನಸ್ಸು ನಿಂತಿತು, ಅಷ್ಟೇ. ಜಗಳವಾಡಿ ಹೋದವರನ್ನು ಕಾಲು ಹಿಡಿದಾದರೂ ಕರೆತರಬಹುದು. ಹೀಗೆ ಹೋದವರನ್ನು ಏನೆಂದು ಕರೆಯುವುದು?

ಅವಳು ಹೋದ ಮೊದಲ ವಾರ ಗಾಳಿಯಣ್ಣ ಡಬ್ಬಿಯಲ್ಲಿ ಬ್ರೆಡ್ಡು, ಬಾಳೆಹಣ್ಣು ತಂದ. “ಏನಣ್ಣ, ಅತ್ತಿಗೆ ಮುಷ್ಕರ ಹೂಡಿದ್ದಾರಾ?” ಎಂದು ವೆಲ್ಡರ್ ನಕ್ಕ. ಕಾಲು ಮುರಿದ ಕಥೆಯನ್ನೆಲ್ಲ ಹೇಳುವ ಬದಲು “ಜ್ವರ” ಎಂದುಬಿಟ್ಟ ಗಾಳಿಯಣ್ಣ. ಒಂದು ಸುಳ್ಳು ಬಾಯಿಂದ ಜಾರಿತು. ಅದನ್ನು ಸಾಕಲು ಅವನು ಅಡುಗೆ ಕಲಿಯಬೇಕಾಯಿತು.

ಕಲಿತದ್ದು ಫೋನಿನಲ್ಲಿ. “ಅಕ್ಕಿಗೆ ನೀರು ಎಷ್ಟು?” ಎಂದು ಕೇಳುವನು. “ಅಕ್ಕಿ ಮೇಲೆ ಬೆರಳಿಡಿ, ಮೊದಲನೇ ಗೆರೆ ಮುಳುಗಿದ್ರೆ ಸಾಕು” ಎನ್ನುವಳು ಅವಳು, ಹೊಲಿಗೆ ಯಂತ್ರದ ಸದ್ದಿನ ನಡುವೆ. ಬೇಳೆಯನ್ನು ಎರಡು ದಿನಕ್ಕಾಗುವಷ್ಟು ಒಂದೇ ಸಲ ಬೇಯಿಸಿ, ಇವತ್ತು ಸೊಪ್ಪು, ನಾಳೆ ಆಲೂಗಡ್ಡೆ ಹಾಕಿದರೆ ಎರಡು ಬಗೆಯಾಗುತ್ತದೆ. ಒಣಗಿದ ಬ್ರೆಡ್ಡನ್ನು ಪುಡಿ ಮಾಡಿ ಮೊಟ್ಟೆಗೆ ಕಲಸಿದರೆ ಒಂದು ಮೊಟ್ಟೆ ಎರಡರ ಕೆಲಸ ಮಾಡುತ್ತದೆ. ಈರುಳ್ಳಿ ಕೆಂಪಗಾಗುವ ತನಕ ಒಲೆ ಬಿಟ್ಟು ಅಲ್ಲಾಡಬಾರದು. ಮದುವೆಯಾದ ಮೇಲೆ ಗಂಡ ಹೆಂಡತಿ ಅಷ್ಟು ಮಾತಾಡಿದ್ದೇ ಇಲ್ಲ. ಕಲಿಯುತ್ತ ಹೋದಂತೆ ಕೇಳುವುದಕ್ಕೆ ಏನೂ ಉಳಿಯದೆ, ಗೊತ್ತಿದ್ದುದನ್ನೇ ಕೇಳತೊಡಗಿದ. “ಉಪ್ಪು ಮೊದಲು ಹಾಕ್ಬೇಕಾ, ಆಮೇಲಾ?” “ಮೊನ್ನೆ ಹೇಳಿದ್ನಲ್ಲ ರೀ” ಎಂದು ಅವಳು ಫೋನ್ ಇಡುವಳು.

ಡಬ್ಬಿಗಳ ನಡುವೆ ಮಾತ್ರ ಅವಳು ಎಲ್ಲೂ ಹೋಗಿರಲಿಲ್ಲ. “ಅತ್ತಿಗೆ ಕೈ ಈಗ ಚೆನ್ನಾಗಿ ಪಳಗಿದೆ ಬಿಡಣ್ಣ” ಎಂದು ಎಲೆಕ್ಟ್ರಿಷಿಯನ್ ಬೆರಳು ನೆಕ್ಕುವನು. ನಿಂಬೆಹಣ್ಣು ಅಗ್ಗವಾದಾಗ ಗಾಳಿಯಣ್ಣ ಒಂದು ಬುಟ್ಟಿ ತಂದು, ಹೋಳು ಮಾಡಿ, ಉಪ್ಪು ಬೆರೆಸಿ, ಕಿಟಕಿಯ ಬಿಸಿಲಿಗಿಟ್ಟು ಉಪ್ಪಿನಕಾಯಿ ಹಾಕಿದ. ಗಾಜಿನ ಬಾಟಲಿಗಳಿಗೆ ತುಂಬಿ ಮೂವರಿಗೂ ಹಂಚಿದ. “ಅವಳು ಕೊಟ್ಟಳು” ಎಂದ. ಜ್ವರ ಬಂದು ನಾಲಿಗೆ ಕೆಟ್ಟಿದ್ದ ವೆಲ್ಡರನ ಮಗಳು ಅದರ ಜೊತೆಗೇ ಅನ್ನ ಉಂಡಳಂತೆ. “ಅತ್ತಿಗೆಗೆ ಪುಣ್ಯ ಬರ್ಲಿ” ಎಂದು ವೆಲ್ಡರ್ ಕೈ ಮುಗಿದ. “ಹೇಳ್ತೀನಿ” ಎಂದ ಗಾಳಿಯಣ್ಣ. ಆ ಮಾತಿನ ಆಸೆಗೇ ಬೆಳಗಿನ ಜಾವ ಎದ್ದು ಒಲೆ ಹಚ್ಚುತ್ತಿದ್ದ ಎಂದರೆ ತಪ್ಪಿಲ್ಲ. ಮನೆಯಲ್ಲಿ ಇಲ್ಲದ ಹೆಂಡತಿ ದಿನಕ್ಕೊಂದು ಸಲ ಅಲ್ಲಿ, ಆ ಪೆಟ್ಟಿಗೆಯ ಸುತ್ತ, ಅವನ ಹೆಂಡತಿಯಾಗಿಯೇ ಇದ್ದಳು.

ಆಗ ಪೇಂಟರ್‌ಗೆ ನಿವೃತ್ತಿ ಬಂತು. ಕಡೆಯ ದಿನ ಎಲ್ಲರೂ ಮನೆಯವರನ್ನು ಕರೆದುಕೊಂಡೇ ವರ್ಕ್‌ಶಾಪಿಗೆ ಊಟಕ್ಕೆ ಬರಬೇಕೆಂದು ಅವನು ಅಪ್ಪಣೆ ಹೊರಡಿಸಿದ. “ನಿನ್ನ ಹೆಂಡತಿ ನನಗೆ ತಂಗಿ ಇದ್ದ ಹಾಗೆ, ಅವಳನ್ನ ಈ ಸಲ ನೋಡ್ಲೇಬೇಕು ಕಣೋ. ಇಷ್ಟು ವರ್ಷ ಉಂಡಿದ್ದೀನಿ, ಒಂದು ಸಲಾನೂ ಎದುರಿಗೆ ನಿಂತು ಹೇಳಿಲ್ಲ. ನಮ್ಮವಳು ಅವಳಿಗೆ ಅಂತಾನೇ ಬಿಸ್ಕತ್ತು ಮಾಡ್ತಿದ್ದಾಳೆ.”

ಭಾನುವಾರ ಗಾಳಿಯಣ್ಣ ಉಪ್ಪಿನಕಾಯಿಯ ಅತ್ಯುತ್ತಮ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪಕ್ಕದ ಊರಿನ ಬಸ್ಸು ಹತ್ತಿದ. ಒಂದು ದಿನದ ಮಟ್ಟಿಗೆ ಬಾ ಎಂದು ಕೇಳುವುದು. ಬಂದವಳು ಮನೆಗೂ ಬಂದಾಳು, ಬಂದವಳು ಉಳಿದಾಳು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಂಡಿಗೆ ತಿಂದ. ಒಳ್ಳೆಯದನ್ನು ಒಯ್ದರೆ ಅವಳು ಮೆಚ್ಚುತ್ತಾಳೆ ಎಂಬ ಲೆಕ್ಕ. ಪಾಪ, ಅಲ್ಲೇ ಅವನು ಎಡವಿದ್ದು.

ಹೆಂಡತಿ ಅಂಗಡಿಯಲ್ಲಿ ಯಂತ್ರದ ಮುಂದೆ ಕೂತಿದ್ದಳು. ಕನ್ನಡಕ ಹೊಸದು, ಮುಖ ತುಂಬಿಕೊಂಡಿತ್ತು. ಬಾಟಲಿ ತೆರೆದು ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಚೀಪಿದಳು.

“ಇದು ನೀವು ಹಾಕಿದ್ದಾ? ನಾನು ಹಾಕೋದಕ್ಕಿಂತ ಚೆನ್ನಾಗಿದೆ ರೀ.”

ಗಾಳಿಯಣ್ಣ ಹಿಗ್ಗಿದ. ಪೇಂಟರನ ಊಟದ ವಿಷಯ ಹೇಳಿದ. ಅವಳು ದಾರ ಕತ್ತರಿಸಿ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

“ಅವರು ಉಂಡಿದ್ದು ನಿಮ್ಮ ಕೈ ಅಡುಗೆ. ನಾನ್ಯಾಕೆ ಬಂದು ಹೊಗಳಿಸ್ಕೊಳ್ಳಲಿ?”

“ಮುಂಚೆ ಮಾಡಿದ್ದು ನೀನೇ ಅಲ್ವಾ?”

“ಮಾಡಿದೆ. ಅವರು ಹೇಳಿದ್ದನ್ನೂ ನೀವು ದಿನಾ ಬಂದು ಹೇಳಿದ್ರಿ. ನಿಮಗೆ ಹೇಗಿತ್ತು ಅಂತ ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.” ಅವಳ ದನಿಯಲ್ಲಿ ಕೊಂಕಿರಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿದಳು. “ನಿಜ ಹೇಳ್ಲಾ? ನೀವು ಹೊಟ್ಟೆಗೆ ಏನು ಮಾಡ್ಕೋತೀರೋ ಅನ್ನೋದೊಂದೇ ನನ್ನ ಜೀವ ತಿಂತಿತ್ತು. ಅದಕ್ಕೇ ಒಂದೊಂದು ದಿನ ಮನೆಗೆ ಹೊರಟುಬಿಡೋಣ ಅನ್ಸೋದು. ಇನ್ನು ಆ ಚಿಂತೆ ಇಲ್ಲ.”

ಬಾಟಲಿ ಸುತ್ತಿ ತಂದ ಬಟ್ಟೆಯನ್ನು ಗಾಳಿಯಣ್ಣ ಮಡಿಸಿ ಜೇಬಿಗಿಟ್ಟುಕೊಂಡ. ಅನ್ನ ಸೀದಿದೆ, ಬೇಳೆ ಹಸಿ, ಹಸಿವಿನಲ್ಲೇ ಮಲಗುತ್ತಿದ್ದೇನೆ ಎಂದಿದ್ದರೆ ಅವಳು ಅವತ್ತೇ ಬಸ್ಸು ಹತ್ತುತ್ತಿದ್ದಳೇನೋ. ತನ್ನ ಬುಡಕ್ಕೆ ತಾನೇ ಕೊಡಲಿ ಹಾಕಿಕೊಂಡು, ಅದನ್ನು ಬಾಟಲಿಗೆ ತುಂಬಿ ತಂದಿದ್ದ. ನಾದಿನಿ ಚಹಾ ಕೊಟ್ಟಳು, ಕುಡಿದು ಎದ್ದ.

ಪೇಂಟರನ ಊಟದ ದಿನ ಅವನು ಒಬ್ಬನೇ ಬಂದ. “ಎಲ್ಲಿ ಕಣಪ್ಪಾ ನಿನ್ನ ಹೆಂಡತಿ?” ಎಂದಳು ಪೇಂಟರನ ಹೆಂಡತಿ, ಬಿಸ್ಕತ್ತಿನ ಡಬ್ಬ ಹಿಡಿದು.

“ಜ್ವರ ಅಕ್ಕಾ.”

“ಹಾಗಾದ್ರೆ ಊಟ ಮುಗಿಸಿ ಎಲ್ರೂ ನಿಮ್ಮ ಮನೆಗೇ ಹೋಗಿ ಮಾತಾಡಿಸ್ಕೊಂಡು ಬರೋಣ.”

ಗಾಳಿಯಣ್ಣ ತನ್ನ ಡಬ್ಬಿಯ ಮುಚ್ಚಳವನ್ನೇ ನೋಡುತ್ತ ನಿಂತ. “ಅವಳಿಲ್ಲ ಅಕ್ಕಾ. ತಂಗಿ ಮನೆಗೆ ಹೋಗಿ ವರ್ಷದ ಮೇಲಾಯ್ತು. ಬರಲ್ಲ. ಅಡುಗೆ ನಂದೇ.”

ಎಲೆಕ್ಟ್ರಿಷಿಯನ್ ತಮಾಷೆ ಎಂದು ನಗಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. ಪೇಂಟರ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲರ ಮುಖದಲ್ಲೂ ಪಾಪ, ಪಾಪ ಎಂಬ ಭಾವ. ವೆಲ್ಡರನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, “ನಾಳೆಯಿಂದ ನೀವು ಒಲೆ ಮುಂದೆ ಹೋಗ್ಬೇಡಿ ಅಣ್ಣಾ. ನಮ್ಮನೆಯಿಂದ ಎರಡು ಡಬ್ಬಿ ಬರುತ್ತೆ. ನನ್ನಾಣೆ, ಬೇಡ ಅನ್ಬಾರ್ದು” ಎಂದಳು. ತನ್ನನ್ನು ಅಣ್ಣಾ ಎಂದವಳ ಆಣೆಗೆ ಅವನು “ಹೂಂ” ಎಂದ.

ಮರುದಿನ ಜಾವಕ್ಕೆ ಅಭ್ಯಾಸಬಲದಿಂದ ಎಚ್ಚರವಾಯಿತು. ಮಾಡಲು ಏನೂ ಇರಲಿಲ್ಲ. ಬೆಳಕು ಹರಿಯುವ ತನಕ ಸೂರು ನೋಡುತ್ತ ಬಿದ್ದುಕೊಂಡಿದ್ದು, ಕೈ ಬೀಸಿಕೊಂಡು ಕೆಲಸಕ್ಕೆ ಹೋದ.

ಮಧ್ಯಾಹ್ನ ಮೂವರೇ ಕೂತರು. ವೆಲ್ಡರ್ ಎರಡನೆಯ ಡಬ್ಬಿಯನ್ನು ಅವನ ಮುಂದೆ ಸರಿಸಿದ. ಅದು ಸುತ್ತು ಹೊಡೆಯಲಿಲ್ಲ. ಅದು ಅವನೊಬ್ಬನಿಗೇ ಕಟ್ಟಿ ಕಳಿಸಿದ್ದು. ಬಿಸಿ ಬಿಸಿ ಊಟ, ಒಳ್ಳೆಯ ಕೈ. ಗಾಳಿಯಣ್ಣ ಪೂರ್ತಿ ಉಂಡ, ಡಬ್ಬಿ ತೊಳೆದ.

“ನಿಮ್ಮನೆಯವರಿಗೆ ಹೇಳಪ್ಪ, ತುಂಬ ಚೆನ್ನಾಗಿತ್ತು ಅಂತ” ಎಂದ.

“ಹೇಳ್ತೀನಣ್ಣ” ಎಂದ ವೆಲ್ಡರ್.

ಎಲೆಕ್ಟ್ರಿಷಿಯನ್ ರೂಢಿಯಂತೆ ಗಾಳಿಯಣ್ಣನ ಕಡೆಗೆ ತಿರುಗಿ ಬಾಯಿ ತೆರೆದ. ಹೇಳುವುದಕ್ಕೆ ಏನೂ ಇರಲಿಲ್ಲ, ಹೇಳಿ ಕಳಿಸುವುದಕ್ಕೆ ಯಾರೂ ಇರಲಿಲ್ಲ. ನೀರಿನ ಬಾಟಲಿಯನ್ನು ಎತ್ತಿ ಕುಡಿದ.