ರಾಗಿ ಒಕ್ಕುವ ಯಂತ್ರಕ್ಕೆ ಊರು ಕೊಟ್ಟ ವಂತಿಗೆ

ವಂತಿಗೆ ಕೊಟ್ಟವನಿಗೆ ನಮ್ಮೂರಲ್ಲಿ ಬಾಯಿ ತಾನಾಗಿ ದೊಡ್ಡದಾಗುತ್ತದೆ. ಗುಡಿಗೆ ಅರ್ಧ ಮೂಟೆ ಸಿಮೆಂಟು ಕೊಟ್ಟವನು ಪೂಜಾರಿಗೆ ಮಂತ್ರ ಹೇಳಿಕೊಡುತ್ತಾನೆ. ತೊಂಬತ್ತರ ದಶಕದ ನಡುವಿನಲ್ಲಿ ಇದೇ ಜನ ನನ್ನ ಭಾವನ ಯಂತ್ರಕ್ಕೂ ವಂತಿಗೆ ಕೊಟ್ಟರು.

ನಾಗಮಂಗಲದ ಕಡೆ ಆಗ ರಾಗಿ ತೆನೆಯನ್ನು ಟಾರು ರಸ್ತೆಗೆ ಹರವುತ್ತಿದ್ದೆವು. ಬೆಂಗಳೂರು ಬಸ್ಸು, ಲಾರಿ ಅದರ ಮೇಲೆ ಹರಿದು ಕಾಳು ಉದುರಿಸಬೇಕು. ನಮಗೆ ಇದೇ ದೊಡ್ಡ ಜಾಣತನ. ಬಸ್ಸು ಹೋದ ಮೇಲೆ ಏಳುವ ಧೂಳಿನಲ್ಲಿ ಹುಲ್ಲು ತಿರುವಿ ಹಾಕುವವರು ಹೆಂಗಸರು. ನನ್ನಕ್ಕನಿಗೆ ಉಬ್ಬಸ. ಸುಗ್ಗಿ ಬಂತೆಂದರೆ ಕೂತೇ ನಿದ್ದೆ ಮಾಡುತ್ತಿದ್ದಳು. ಇನ್ನು ಅವಳನ್ನು ರಸ್ತೆಗೆ ಇಳಿಸುವುದಿಲ್ಲವೆಂದು ಭಾವ ಹಟ ಹಿಡಿದರು. ಪಾಂಡವಪುರದ ಲೇತ್ ಅಂಗಡಿಯಲ್ಲಿ ಪಳಗಿದ ಕೈ ಅವರದು.

ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬ ಡೀಸೆಲ್ ಎಂಜಿನ್ ಕೊಟ್ಟ, ಒಬ್ಬ ಹಳೇ ಗಾಡಿಯ ಅಚ್ಚು, ಮಿಕ್ಕವರು ತಗಡು, ಬೋಲ್ಟು, ಗುಜರಿ ಕಬ್ಬಿಣ. ಯಂತ್ರ ಎದ್ದು ನಿಂತಿತು. ಹೊಸ ಮೆದೆಯಿಂದ ಒಂದು ಹೊರೆ ತೆನೆ ಕಿತ್ತು ಹಾಕಿದರೆ ಈ ಕಡೆ ರಾಗಿ, ಆ ಕಡೆ ಧೂಳು. ಅಕ್ಕ ಹತ್ತಿರವೇ ನಿಂತು ನೋಡಿದಳು. ಕೆಮ್ಮಲಿಲ್ಲ.

ಅಷ್ಟಕ್ಕೆ ಬಿಟ್ಟಿದ್ದರೆ ಅವರು ನಮ್ಮೂರಿನವರೇ ಅಲ್ಲ. ಬೋಲ್ಟು ಕೊಟ್ಟವನು ಹುರುಳಿಯೂ ಒಕ್ಕಬೇಕೆಂದ. ತಗಡಿನವನಿಗೆ ಮೇವು ಕತ್ತರಿಸುವ ಚಕ್ರ ಬೇಕಿತ್ತು. ಎಂಜಿನ್ ಕೊಟ್ಟವನಂತೂ ದಿನಾ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಬೀಡಿ ಹಚ್ಚಿ, "ನಾವೇನ್ ಸುಮ್ಕೆ ಕೊಟ್ಟಿದ್ದೀವಾ?" ಎನ್ನುತ್ತಿದ್ದ. ಅವನ ಆ ಎಂಜಿನ್ ಕೊಟ್ಟಿಗೆಯಲ್ಲಿ ಕೋಳಿ ಕೂರುವುದಕ್ಕೆ ಬಿಟ್ಟರೆ ಯಾವ ಉಪಯೋಗಕ್ಕೂ ಬಾರದೆ ಬಿದ್ದಿತ್ತು. ಭಾವ ಎಲ್ಲರಿಗೂ ಒಂದೇ ಮಾತು ಹೇಳಿದರು: "ಈ ಎಂಜಿನ್ನು ಒಂದ್ ಕೆಲ್ಸ ಎಳೀತದೆ. ಇನ್ನೊಂದ್ ಹಾಕುದ್ರೆ ಎರಡೂ ಕೆಡ್ತವೆ."

ನಾನೂ ಒಂದು ಕೇಳಿದ್ದೆ. ತೆಂಗಿನಕಾಯಿ ಸುಲಿಯುವುದಕ್ಕೆ ಪಕ್ಕದಲ್ಲಿ ಒಂದು ಉರುಳೆ ಹಾಕಿಕೊಡಿ ಎಂದಿದ್ದೆ, ಅಷ್ಟೆ. ಹೆಂಡತಿಯ ತಮ್ಮನಿಗೆ ಇಲ್ಲವೆನ್ನುವ ವಾಡಿಕೆ ನಮ್ಮಲ್ಲಿಲ್ಲ. ಭಾವ ಹಾಕಿಕೊಟ್ಟರು.

"ಬಾಮೈದುಂಗೊಂದು ನ್ಯಾಯ, ನಮಗೊಂದಾ?" ಎಂದು ಊರೇ ಎದ್ದಿತು. ಹುರುಳಿಯ ಜರಡಿ ಬಂತು, ಮೇವಿನ ಚಕ್ರ ಬಂತು. ಯಂತ್ರದ ಪೂಜೆಯ ದಿನ ನಿಂಬೆಹಣ್ಣು ಕೊಯ್ದು ಎಂಜಿನ್ ಚಾಲೂ ಮಾಡಿದರೆ, ಅಷ್ಟು ಬೆಲ್ಟುಗಳನ್ನು ಎಳೆಯಲಾರದೆ ಅದು ಏದುಸಿರು ಬಿಟ್ಟಿತು. ಅಚ್ಚು ಮುರಿಯಿತು. "ನಂಗ್ ಮೊದ್ಲೇ ಗೊತ್ತಿತ್ತು ಬುಡು" ಎಂದವನು ಮೇವಿನ ಚಕ್ರ ಕೇಳಿದವನೇ. ಥೂ, ನಾಚಿಕೆಗೆಟ್ಟ ಜನ. ಸಂಜೆಯೊಳಗೆ ಒಬ್ಬೊಬ್ಬರೂ ಸ್ಪ್ಯಾನರು ಹಿಡಿದು ಬಂದು ತಮ್ಮ ತಮ್ಮ ತಗಡು, ಬೋಲ್ಟು ಬಿಚ್ಚಿಕೊಂಡು ಹೋದರು. ಭಾವ ತಡೆಯಲಿಲ್ಲ.

ಮೆದೆ ಹಾಗೇ ಉಳಿದಿತ್ತು. ಅಕ್ಕ ಮತ್ತೆ ರಸ್ತೆಗಿಳಿದಳು. ನಾನು ಪಕ್ಕದಲ್ಲಿ ನಿಂತು ಊರವರನ್ನು ಒಬ್ಬೊಬ್ಬರಾಗಿ ಜಾಲಾಡುತ್ತಿದ್ದೆ. ಇಂಥವರ ವಂತಿಗೆಯಲ್ಲಿ ಎಂದಾದರೂ ಹೊಸದೊಂದು ಹುಟ್ಟೀತೇ ಎಂದು ಉಗಿಯುತ್ತಿದ್ದೆ. ಸೆರಗನ್ನು ಮೂಗಿಗೆ ಬಿಗಿದುಕೊಂಡಿದ್ದ ಅವಳು ಒಂದು ಬಸ್ಸು ಹೋಗುವವರೆಗೆ ಕಾದು, ಕೆಮ್ಮಿ ಮುಗಿಸಿ, ಸಿಟ್ಟೇ ಇಲ್ಲದ ದನಿಯಲ್ಲಿ ಹೇಳಿದಳು:

"ಊರೋರ್ಗೆಲ್ಲ ಆಗಕ್ಕಿಲ್ಲ ಅಂದಿದ್ರು ಕಣ್ಲಾ ನಿಮ್ ಬಾವ. ನಿನಗೊಬ್ಬುಂಗೆ ಅನ್ನಕ್ಕಾಗ್ನಿಲ್ಲ."