ಉಪ್ಪಿನಕಾಯಿ ಬಾಟಲಿಯಲ್ಲಿ ಎಂಟು ತಿಂಗಳ ಗುಳಿಗೆ

ಉಗಾಂಡಾದ ವೈದ್ಯಕೀಯ ಕ್ಯಾಂಪಿಗೆ ಒಯ್ಯಲೆಂದು ಕೊಂಡ ಹೊಸ ಬಿಪಿ ಮಷೀನನ್ನು ಪರೀಕ್ಷಿಸಲು ಡಾಕ್ಟರ್ ಪಂಚಾಕ್ಷರಿ ಅದನ್ನು ಹೆಂಡತಿಯ ತೋಳಿಗೆ ಸುತ್ತಿದರು. ನೂರಾ ತೊಂಬತ್ತೆಂಟು, ನೂರಾ ಹತ್ತು. ಮಷೀನೇ ಕೆಟ್ಟಿದೆಯೆಂದು ತಮ್ಮ ತೋಳಿಗೆ ಸುತ್ತಿಕೊಂಡರು. ನೂರಾ ಇಪ್ಪತ್ತಾರು, ಎಂಬತ್ತು. ಮಷೀನು ಸರಿಯಾಗಿಯೇ ಇತ್ತು.

"ಗುಳಿಗಿ ತೊಗೊಳ್ಳಾಕತ್ತೀಯೋ ಇಲ್ಲೋ?"

ಮಲ್ಲಮ್ಮ ಮೇಲಿನ ಕಪಾಟಿನಿಂದ ಉಪ್ಪಿನಕಾಯಿಯ ಹಳೆ ಬಾಟಲಿಯೊಂದನ್ನು ತಂದು ಮುಂದಿಟ್ಟರು. ಅದರ ತುಂಬ ಗುಳಿಗೆ. ಎಂಟು ತಿಂಗಳಿಂದ ಒಂದನ್ನೂ ನುಂಗಿರಲಿಲ್ಲ.

ಪರದೇಶದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಇಪ್ಪತ್ತಾರು ವರ್ಷ ಕ್ಲಿನಿಕ್ ನಡೆಸಿದ ಪಂಚಾಕ್ಷರಿಯವರು ಪ್ರತಿ ಭಾನುವಾರ ಏಳು ಖಾನೆಯ ಡಬ್ಬಿಗೆ ಹೆಂಡತಿಯ ಗುಳಿಗೆಗಳನ್ನು ತಾವೇ ತುಂಬಿಡುತ್ತಿದ್ದರು. ಮನೆಯಲ್ಲೇ ಡಾಕ್ಟರಿರುವಾಗ ಇನ್ನೊಬ್ಬ ಡಾಕ್ಟರ್ ಯಾಕೆ ಎಂಬುದು ಆ ಮನೆಯ ಹೆಮ್ಮೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಗಿಡಕ್ಕೇ ತಾನು ಮದ್ದೆಂಬ ಜಂಬ ಬಂದಿತ್ತು.

"ಮತ್ತ ಏನ್ ತೊಗೋತಿದ್ದಿ?"

"ಹಯವದನ ಅಣ್ಣಾರ ಸೊಪ್ಪಿನ ಪುಡಿ."

ಹಯವದನ ಡಿಯರ್‌ಬಾರ್ನ್‌ನ ಕಾರ್ ಕಂಪನಿಯಿಂದ ರಿಟೈರಾದ ಎಂಜಿನಿಯರ್. ಈಗ ಬೇರು, ಸೊಪ್ಪು ಕುಟ್ಟಿ ಕನ್ನಡದವರ ಮನೆಮನೆಗೆ ಪಾರ್ಸೆಲ್ ಮಾಡುತ್ತಾರೆ, ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಾರೆ.

"ಕಾರಿನ ಬ್ರೇಕ್ ಮಾಡೋ ಮನಶ್ಯಾನ ಮಾತು ಕೇಳಿ ನನ್ನ ಗುಳಿಗಿ ಬಿಟ್ಟಿಯೇನು? ಲಕ್ವಾ ಹೊಡದಿದ್ರ?"

"ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಗುಳಿಗಿ ಶುರು ಆದ ಮ್ಯಾಲ ನನಗ ಒಣಾ ಕೆಮ್ಮು ಹತ್ತಿತು. ನಿಮ್ಮ ನಿದ್ದಿ ಕೆಡಬಾರದಂತ ಮಗಳ ರೂಮಿನಾಗ ಮಲಗಾಕ ಹತ್ತಿದೆ. ಅಣ್ಣಾರು ಫೋನಿನಾಗ ಕೆಮ್ಮು ಕೇಳಿ, ಯಾವಾಗಿಂದ ತಂಗಿ, ಅಂದ್ರು. ಪುಡಿ ಕಳಿಸಿದ್ರು. ಎರಡೂ ಕೂಡಿಸಬಾರದಂತ ಗುಳಿಗಿ ಬಿಟ್ಟೆ. ಹದಿನೈದ ದಿನಕ್ಕ ಕೆಮ್ಮು ನಿಂತಿತು."

ಆ ಗುಳಿಗೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ, ಗುಳಿಗೆ ಬಿಟ್ಟರೆ ತಾನೇ ಹೋಗುತ್ತದೆ. ಬೇರೆ ಗುಳಿಗೆ ಬರೆದರಾಯಿತು. ಇದನ್ನು ಪಂಚಾಕ್ಷರಿಯವರು ಪ್ರತಿ ಪೇಷಂಟಿಗೂ ಬಾಯಿಪಾಠ ಒಪ್ಪಿಸುತ್ತಿದ್ದರು. ಹೆಂಡತಿಯದು ಮಾತ್ರ ಹೂವಿನ ಪರಾಗದ ಅಲರ್ಜಿ ಎಂದುಕೊಂಡಿದ್ದರು. ಕೆಮ್ಮನ್ನು ನಿಲ್ಲಿಸಿದ್ದು ಪುಡಿಯಲ್ಲ.

ಹೋದ ವರ್ಷ ಉಗಾಂಡಾದ ಹಳ್ಳಿಯೊಂದರ ಕ್ಯಾಂಪಿನಲ್ಲಿ ಅವರು ಚಾಪೆಯ ಮೇಲೆ ಕೂತು ಎಂಬತ್ತು ಹೆಂಗಸರನ್ನು ಕೇಳಿದ್ದರು: ಆಸ್ಪತ್ರೆ ಬಿಟ್ಟು ಸೊಪ್ಪಿನ ಅಜ್ಜಿಯ ಹತ್ತಿರ ಯಾಕೆ ಹೋಗುತ್ತೀರಿ? ದಾರಿ ದೂರ ಎಂದವರು ಕೆಲವರು. ಒಬ್ಬಾಕೆ ಮಾತ್ರ, "ಅಜ್ಜಿ ನನ್ನ ಕೈ ಹಿಡಿದು ಕೇಳುತ್ತಾಳೆ. ಡಾಕ್ಟರು ನನ್ನನ್ನಲ್ಲ, ಕಾಗದವನ್ನು ಕೇಳುತ್ತಾರೆ" ಎಂದಿದ್ದಳು. ಇದನ್ನು ಅವರು ಕನ್ನಡ ಕೂಟದಲ್ಲಿ ಸ್ಲೈಡ್ ಹಾಕಿ ಸೊಗಸಾಗಿ ಹೇಳಿದ್ದರು. ಮಲ್ಲಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು.

"ಅವತ್ತs ಹೇಳೋಣಂತ ಮಾಡಿದ್ದೆ," ಎಂದರು ಮಲ್ಲಮ್ಮ. "ಎಲ್ಲಾರೂ ಚಪ್ಪಾಳಿ ಹೊಡ್ಯಾಕತ್ತಿದ್ರು."

ಪಂಚಾಕ್ಷರಿಯವರಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಅಲ್ಲಿಯೇ ಕೂತು ಹತ್ತಿರದ ಊರಾದ ಹಾಫ್‌ಮನ್ ಎಸ್ಟೇಟ್ಸ್‌ನ ಡಾಕ್ಟರ್ ಶುಭಾಗೆ ಫೋನ್ ಮಾಡಿದರು. ಒಂದು ಗಂಟೆಯೊಳಗೆ ಹೆಂಡತಿಯನ್ನು ಕರೆದುಕೊಂಡು ಹೋದರು, ಪುಡಿಯ ಡಬ್ಬಿಯನ್ನೂ ಜೊತೆಗಿಟ್ಟುಕೊಂಡರು. ಜೀವನದಲ್ಲಿ ಮೊದಲ ಸಲ ಪೇಷಂಟಿನ ಗಂಡನ ಕುರ್ಚಿಯಲ್ಲಿ ಕೂತರು.

ಶುಭಾ ಔಷಧಿ ಬದಲಾಯಿಸಿದಳು. ಪುಡಿಯನ್ನು ಬೈಯಲಿಲ್ಲ, ಅದರಲ್ಲೇನಿದೆಯೆಂದು ಪರೀಕ್ಷೆಗೆ ಕಳಿಸಿದಳು. ಮಲ್ಲಮ್ಮ ಇಪ್ಪತ್ತು ನಿಮಿಷ ಮಾತಾಡಿದರು: ಮಂಡಿ, ನಿದ್ದೆ, ಮಧ್ಯಾಹ್ನದ ತಲೆಸುತ್ತು. ಅದರಲ್ಲಿ ಅರ್ಧವನ್ನು ಪಂಚಾಕ್ಷರಿಯವರು ಆವತ್ತೇ ಕೇಳಿದ್ದು. ಕೊನೆಗೆ ಶುಭಾ ಫಾರಂ ತುಂಬಲು ಕೇಳಿದಳು.

"ಆಂಟಿ, ಇಷ್ಟು ವರ್ಷ ನಿಮ್ಮ ಡಾಕ್ಟರ್ ಯಾರು?"

ಮಲ್ಲಮ್ಮನವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಯಾರೂ ಇರ್ಲಿಲ್ಲವ್ವಾ."

ಶುಭಾ ಗಾಬರಿಯಿಂದ ಪಂಚಾಕ್ಷರಿಯವರ ಕಡೆ ನೋಡಿದಳು.

"ಖರೇನ ಹೇಳ್ಯಾಳ," ಎಂದರು ಅವರು. "ಹಂಗs ಬರ್ಕೊ."