ಹಿರ್ಯಾನ ಕಲ್ಲಿನ ಎಣ್ಣೆ

ತಗಡಿನ ಮೇಲೆ ಅಂಗೈ ಬಡಿದ ಸದ್ದು ಎರಡು ಓಣಿ ದಾಟಿ ಕೇಳಿಸುತ್ತಿತ್ತು. ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಬಸ್ಸು ಬೇವೂರಿನ ಕಟ್ಟೆಯ ಹತ್ತಿರ ನಿಂತಾಗ ಕಂಡಕ್ಟರ್ ಅಬ್ದುಲಸಾಬರು ಬಾಗಿಲ ಪಕ್ಕದ ತಗಡನ್ನು ಒಮ್ಮೆ ಬಡಿದರೆ ಬಸ್ಸು ಹೊರಡಬೇಕು ಎಂದರ್ಥ. ಬಿಡದೆ ಬಡಿಯುತ್ತಿದ್ದರೆ ಮಲಕಪ್ಪ ಮಾಸ್ತರರಿಗೆ ಕಾಗದ ಬಂದಿದೆ ಎಂದರ್ಥ. ಮೊದಮೊದಲು ಮಾಸ್ತರರು ಉಣ್ಣುವ ತಾಟು ಬಿಟ್ಟು ಓಡುತ್ತಿದ್ದರು. ಬರಬರುತ್ತ ಕೈ ತೊಳೆದು, ಒರೆಸಿಕೊಂಡು, ಚಪ್ಪಲಿ ಹುಡುಕಿ ಹೋಗತೊಡಗಿದರು. ಬಸ್ಸು ಕಾಯುತ್ತಿತ್ತು. ಕಿಟಕಿಯಲ್ಲಿ ಕುಳಿತವರು ಗೊಣಗುತ್ತಿದ್ದರು.

“ಬರ್ರಿ ಮಾಸ್ತರ, ಲಗು ಬರ್ರಿ. ನಿಮ್ಮ ಜಗಳ ಬಂದೈತಿ,” ಎಂದು ಅಬ್ದುಲಸಾಬರು ಕಾಗದದ ಸುರುಳಿಯನ್ನು ಕೈಗೆ ಕೊಡುತ್ತಿದ್ದರು. “ಈ ಸಲ ಭಾಳ ವಜ್ಜಾ ಐತಿ. ಇದಕ್ಕ ಲಗೇಜಿನ ತಿಕೀಟ ಹರೀಬೇಕಾಕ್ಕೈತಿ.”

ಅದನ್ನು ಅವರು ಸುತ್ತು ಕಾಗದ ಎಂದು ಕರೆಯುತ್ತಿದ್ದರು. ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲೆ, ಒಬ್ಬರನ್ನೊಬ್ಬರು ಅರಿಯದ ಮೂವರು ಒಂದು ಕಂಬದ ವಯಸ್ಸಿನ ಬಗ್ಗೆ ಮಾತಿಗೆ ಮಾತು ಬೆಳೆಸಿದ್ದರು. ಒಬ್ಬರು ಅದೇ ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಜಲಾಲುದ್ದೀನರು. ಇನ್ನೊಬ್ಬರು ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕಿಸಿ ಮಾರುತ್ತಿದ್ದ ಅಮಾತೆಪ್ಪನವರು. ಮೂರನೆಯವರು ಬೇವೂರಿನ ಕನ್ನಡ ಶಾಲೆಯ ಮಲಕಪ್ಪ ಮಾಸ್ತರರು. ಮಾತು ಮುಗಿಯುವ ಮುಂಚೆಯೇ ಬಸ್ಸಿನ ಹೊತ್ತಾಯಿತು. ಉಳಿದದ್ದನ್ನು ಬರೆದು ಮುಗಿಸೋಣ ಎಂದುಕೊಂಡರು. ಒಬ್ಬರು ಬರೆದು ಬಸ್ಸಿಗೆ ಕೊಡುವುದು, ಮುಂದಿನವರು ಅದರ ಕೆಳಗೇ ತಮ್ಮದನ್ನು ಬರೆಯುವುದು, ಜಾಗ ಸಾಲದಿದ್ದರೆ ಗೋಂದಿನಿಂದ ಇನ್ನೊಂದು ಹಾಳೆ ಅಂಟಿಸುವುದು. ಸುರುಳಿ ಬೆಳೆಯುತ್ತ ಇಳಕಲ್ಲಿನಿಂದ ಹುನಗುಂದದ ಮೇಲೆ ಬೇವೂರಿಗೆ, ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಬಾದಾಮಿಗೆ, ಮತ್ತೆ ಹಿಂದಕ್ಕೆ ಓಡಾಡುತ್ತಿತ್ತು.

ಮಾಸ್ತರರು ಅದರಿಂದ ಬಹಳ ಕಲಿತರು. ಕಂಬದ ತುದಿಯ ಬೋದಿಗೆ ನೋಡಿ ಕಾಲ ಊಹಿಸುವುದನ್ನು ಕಲಿತರು. ಬಾದಾಮಿಯ ಕೆಂಪು ಮರಳುಗಲ್ಲು ಈರುಳ್ಳಿಯಂತೆ ಪದರ ಪದರವಾಗಿ ಸುಲಿಯುತ್ತದೆ ಎಂಬುದನ್ನು ಕಲಿತರು. ಜಲಾಲುದ್ದೀನರು ತಮ್ಮ ಮನೆಯ ಹಿಂದಿನ ಗೋಡೆಯ ಕಥೆ ಹೇಳಿ ಒಂದಿಡೀ ಹಾಳೆ ಅದನ್ನೇ ಬರೆದಿದ್ದರು. ಮರುದಿನ ಮಾಸ್ತರರು ಅದನ್ನು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿದರು.

ಇನ್ನೊಂದು ಸಂಗತಿಯನ್ನೂ ಕಲಿತರು. ಎದುರಿಗೆ ಚಹಾ ಕುಡಿಸಿ ಕಳಿಸುವ ಮನುಷ್ಯ ಕಾಗದದಲ್ಲಿ ಬೇರೆಯೇ ಆಗುತ್ತಾನೆ. ಅಮಾತೆಪ್ಪನವರು ಎದುರು ಸಿಕ್ಕರೆ ಎರಡೂ ಕೈ ಹಿಡಿದು ಮಾತಾಡಿಸುವವರು. ಅವರ ಅಕ್ಷರಗಳು ಮಾತ್ರ ಕಚ್ಚುತ್ತಿದ್ದವು. ಮಾಸ್ತರರ ಅಕ್ಷರಗಳೂ ಕಚ್ಚಲು ಕಲಿತವು.

ಜಗಳ ಕಂಬವನ್ನು ಬಿಟ್ಟು ಮಾಸ್ತರರ ಹಿತ್ತಲಿಗೆ ಬಂದದ್ದು ಎಂಬತ್ತರಲ್ಲಿ. ಅಲ್ಲಿ ಕುರಿಹಟ್ಟಿಯ ಬಾಯಿಗೆ ಎದೆಯೆತ್ತರದ ಒಂದು ಕಲ್ಲಿತ್ತು. ಮನೆಯವರು ಅದನ್ನು ಹಿರ್ಯಾ ಎನ್ನುತ್ತಿದ್ದರು. ಮನೆದೇವರು ಬೀರಪ್ಪನಿಗೆ ಎಡೆ ಹಿಡಿದ ದಿನ ಹಿರ್ಯಾನಿಗೂ ಒಂದು ತುತ್ತು. ಪ್ರತಿ ಸೋಮವಾರ ಮಾಸ್ತರರ ತಾಯಿ ಸತ್ಯವ್ವ ಅದಕ್ಕೆ ಕುಸುಬಿ ಎಣ್ಣೆ ಸವರುತ್ತಿದ್ದಳು. ಅವಳ ಅತ್ತೆ ಸವರಿದ್ದಳು, ಅತ್ತೆಯ ಅತ್ತೆ ಸವರಿದ್ದಳು. ಎಣ್ಣೆಯ ಮೇಲೆ ಎಣ್ಣೆ, ಕುಂಕುಮ, ಹಟ್ಟಿಯ ದೂಳು, ಎಲ್ಲ ಸೇರಿ ಬೆರಳು ದಪ್ಪದ ಕರಿಯ ಜಿಡ್ಡು ಕಲ್ಲನ್ನು ಮುಚ್ಚಿತ್ತು. ಒಳಗೆ ಕೆತ್ತನೆ ಇದೆ ಎಂಬುದು ಕೈಯಾಡಿಸಿದರೆ ತಿಳಿಯುತ್ತಿತ್ತು. ಏನಿದೆ ಎಂಬುದು ತಿಳಿಯುತ್ತಿರಲಿಲ್ಲ.

ಅದು ವೀರಗಲ್ಲು ಎಂದು ಮಾಸ್ತರರು ಸುತ್ತು ಕಾಗದದಲ್ಲಿ ಬರೆದರು. ದನ ಕಾಯುತ್ತ ಕಳ್ಳರ ಕೈಯಲ್ಲಿ ಸತ್ತವನಿಗೂ, ಬೇಟೆಯಲ್ಲಿ ಹಂದಿಯ ಕೋರೆಗೆ ಸಿಕ್ಕವನಿಗೂ ಹಿಂದಿನವರು ಕಲ್ಲು ನಿಲ್ಲಿಸುತ್ತಿದ್ದರು; ಸತ್ತ ಬಗೆಯನ್ನು ಕೆಳಗಿನ ಪಟ್ಟಿಯಲ್ಲಿ ಕೆತ್ತಿಸುತ್ತಿದ್ದರು. ನಮ್ಮ ಹಿರ್ಯಾ ದನಕ್ಕಾಗಿ ಸತ್ತವನು, ಬೆರಳಿಗೆ ಆಕಳ ಡುಬ್ಬ ಹತ್ತುತ್ತದೆ ಎಂದು ಬರೆದರು. ಬರೆಯುವಾಗ ಅವರ ಎದೆ ಸ್ವಲ್ಪ ಉಬ್ಬಿರಬೇಕು.

ಅಮಾತೆಪ್ಪನವರು ಅದರ ಕೆಳಗೆ ಬರೆದರು: ‘ತಮ್ಮ ಮನೆಯ ಕಲ್ಲಿಗೆ ಕಿರೀಟ ಇಡದವರು ಯಾರು? ಬೆರಳಿಗೆ ಹತ್ತಿದ ಡುಬ್ಬ ಹಂದಿಯದೂ ಇರಬಹುದು. ಎಣ್ಣೆ ತೆಗೆದು ತೋರಿಸಿರಿ.’

ಅಷ್ಟೇ ಸಾಕಾಯಿತು. ಎರಡು ವರ್ಷ ಸುರುಳಿಯಲ್ಲಿ ಬೇರೆ ಮಾತಿಲ್ಲ. ಆಕಳು, ಹಂದಿ, ಹಂದಿ, ಆಕಳು. ಜಲಾಲುದ್ದೀನರು ನಡುವೆ ನಿಂತು ಇಬ್ಬರಿಗೂ ಸಮಾಧಾನ ಬರೆದರು, ಆಮೇಲೆ ಇಬ್ಬರಿಂದಲೂ ಬೈಸಿಕೊಂಡು ತಾವೂ ಹಂದಿಯ ಕಡೆಗೆ ವಾಲಿದರು. ಮಾಸ್ತರರು ಹಗಲೆಲ್ಲ ನಾಲ್ಕು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಕಲಿಸಿ ಬಂದು, ಕಂದೀಲಿನ ಮುಂದೆ ಕುಳಿತು ಉತ್ತರ ಬರೆಯುತ್ತಿದ್ದರು. ಕಣ್ಣ ಕೆಳಗೆ ಕಪ್ಪು ಇಳಿಯಿತು.

“ಸತ್ತಾಂವ ಸತ್ತು ಸಾವಿರ ವರ್ಷಾತು,” ಎನ್ನುತ್ತಿದ್ದಳು ಹೆಂಡತಿ ರೇಣವ್ವ. “ಅವನ ಸಲುವಾಗಿ ನೀವ್ಯಾಕ ಸಾಯಾಕ ಹತ್ತೀರಿ?”

“ನಿನಗ ತಿಳಿಯೂದಿಲ್ಲ.”

“ನನಗ ಎಣ್ಣಿ ತಿಳಿತೈತಿ. ಕಂದೀಲಿಗೆ ಎಣ್ಣಿ ಹಾಕಾಕಿ ನಾನ.”

ಎಂಬತ್ತೆರಡರ ಮಾಗಿಯಲ್ಲಿ ಒಂದು ಸಂಜೆ, ಶಾಲೆಯ ಮೇಜಿನ ಮೇಲೇ, ಮಾಸ್ತರರು ಒಂದೇ ಸಾಲು ಬರೆದರು: ‘ಬರುವ ಐತವಾರ ಬನ್ನಿರಿ, ತೊಳೆದೇ ನೋಡೋಣ.’ ಓಡಿ ಹೋಗಿ ಬಸ್ಸಿಗೆ ಕೊಟ್ಟರು. ಮನೆಯ ದಾರಿ ಅರ್ಧ ಬಂದ ಮೇಲೆ ಅವರಿಗೆ ನೆನಪಾಯಿತು: ಅವ್ವನನ್ನು ಕೇಳಿಲ್ಲ.

ಸತ್ಯವ್ವನಿಗೆ ಆಗ ಎರಡೂ ಕಣ್ಣಿಗೆ ಪೊರೆ. ಹಟ್ಟಿಯ ಬಾಯಿಗೆ ಕುಳಿತು ಕುರಿಗಳನ್ನು ಅವುಗಳ ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ಹೆಚ್ಚು ಮಾತಾಡುತ್ತಿದ್ದುದು ಹಿರ್ಯಾನ ಕೂಡ. ಮಗ ಹೇಳಿದ್ದನ್ನು ಕೇಳಿ ಅವನ ದನಿ ಬಂದ ಕಡೆ ಮುಖ ತಿರುಗಿಸಿದಳು.

“ನಿಮ್ಮ ಮಂದಿ ಕಾಗದದಾಗ ಬಡದಾಡೂದು ಸಾಲದೇನೋ? ಈಗ ಅವನ ಮೈಮ್ಯಾಗ ಬಂದ್ರಿ?”

“ಬ್ಯಾಡಂದ್ರ ಬ್ಯಾಡ ಬಿಡಬೇ. ಬರಬ್ಯಾಡ್ರಿ ಅಂತ ಬರೀತೇನಿ.”

“ತಡಿ.” ಅವಳು ಕೈ ಚಾಚಿ ಕಲ್ಲನ್ನು ಮುಟ್ಟಿದಳು. “ನಾ ಈ ಮನಿಗೆ ಬಂದಾಗನ ಹಿಂಗ ಕರಿ ಮುದ್ದಿ ಇದ್ದ. ನಮ್ಮತ್ತಿ ಅಂತಿದ್ಲು, ಒಳಗ ಮಾರಿ ಐತಿ, ಹಟ್ಟಿ ಕಡೆ ನೋಡಾಕ ಹತ್ಯಾನ ಅಂತ. ಆಕೀನೂ ನೋಡಿದ್ದಿಲ್ಲ. ಇಷ್ಟ ವರ್ಷ ಎಣ್ಣಿ ಹಚ್ಚೇನಿ, ಒಮ್ಮೆ ಮಾರಿ ನೋಡಿ ಕಣ್ಣು ಹ್ವಾದ್ರ ಹೋಗಲಿ. ಕರಿ ಅವರನ್ನ. ಆದ್ರ ದೀಪ ಹಚ್ಚೂದರೊಳಗ ಮತ್ತ ಎಣ್ಣಿ ಏರಿಸಬೇಕು. ತೊಳದ ದೇವರನ್ನ ಬರಿಮೈಲೆ ಬಿಡಬಾರದು.”

ಮಾಸ್ತರರಿಗೆ ಆ ಐತವಾರದ ತನಕ ನಿದ್ದೆ ಸರಿಯಾಗಿ ಹತ್ತಲಿಲ್ಲ. ಆಕಳ ಚಿಂತೆ ಹಿಂದೆ ಸರಿದಿತ್ತು. ಒಳಗೆ ಮುಖ ಇರಲಿ, ಅವ್ವನ ಮಬ್ಬು ಕಣ್ಣಿಗೆ ಅದು ಕಾಣಲಿ ಎಂಬುದೊಂದೇ ಉಳಿದಿತ್ತು.

ಇಬ್ಬರೂ ಬಂದರು. ಎರಡು ವರ್ಷ ಕಾಗದದಲ್ಲಿ ಕಚ್ಚಾಡಿದವರು ಎದುರಾಗಿ ನಿಂತು ಏನು ಮಾತಾಡಬೇಕು ತಿಳಿಯದೆ ಬಿಸಿಲಿನ ಬಗ್ಗೆ ಮಾತಾಡಿದರು. ಅಮಾತೆಪ್ಪನವರು ಸತ್ಯವ್ವನ ಕಾಲು ಮುಟ್ಟಿದರು. ಜಲಾಲುದ್ದೀನರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮರಾ ನಿಲ್ಲಿಸಿದರು.

“ಸೀಗಿಪುಡಿಲೆ ಹೋಗೂ ಜಿಡ್ಡಲ್ಲಿದು,” ಎಂದರು ಅಮಾತೆಪ್ಪನವರು, ಚೀಲದಿಂದ ಒಂದು ಪೊಟ್ಟಣ ತೆಗೆಯುತ್ತ. “ನಾ ಸೋಡಾ ತಂದೇನಿ. ಬಣ್ಣ ಹಾಕೂಕಿಂತ ಮೊದಲ ನೂಲಿನ ಜಿಡ್ಡು ತಗ್ಯಾಕ ನಾವು ಇದನ್ನ ಕುದಿಸ್ತೇವಿ. ಒಂದ ಕುದಿಗೆ ನೂಲು ಹಾಲಿನಂಗ ಬೆಳ್ಳಗ ಆಕ್ಕೈತಿ.”

ಯಾರೂ ಬೇಡ ಎನ್ನಲಿಲ್ಲ. ರೇಣವ್ವ ಹಂಡೆಯಲ್ಲಿ ನೀರು ಕಾಸಿದಳು. ಸೋಡಾದ ಬಿಸಿನೀರು ಸುರಿದಂತೆ ಕರಿಯ ಜಿಡ್ಡು ಬೆಣ್ಣೆಯಂತೆ ಇಳಿಯಿತು. ಮಾಸ್ತರರು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದರು. ಮೊದಲು ಮೇಲಿನ ಪಟ್ಟಿಯಲ್ಲಿ ಸೂರ್ಯ ಚಂದ್ರ ಕಂಡವು. ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟರು. ಆಮೇಲೆ ಒಂದು ಭುಜ, ಒಂದು ಬಿಲ್ಲು.

“ಫೋಟೋ ಹೊಡೀರಿ,” ಎಂದರು ಮಾಸ್ತರರು.

“ಸ್ವಲ್ಪ ಒಣಗಲಿ ತಡೀರಿ. ಹಸಿಕಲ್ಲು ಮಿಂಚತೈತಿ, ಏನೂ ಬರೂದಿಲ್ಲ,” ಎಂದರು ಜಲಾಲುದ್ದೀನರು.

ಅವರಿಗೆ ಅವಸರವಿರಲಿಲ್ಲ. ಸಾವಿರ ವರ್ಷ ನಿಂತ ಕಲ್ಲು ಗಳಿಗೆ ಹೊತ್ತು ನಿಲ್ಲಲಾರದೆ?

ಕೆಳಗಿನ ಪಟ್ಟಿಯಲ್ಲಿ ಒಂದು ಪ್ರಾಣಿಯ ಬೆನ್ನು ಮೂಡಿತು. ಅದರ ಮೇಲೆ ಬಾಗಿದ ಒಂದು ಮುಖ. “ಬಂತು, ಬಂತು!” ಎಂದು ಅಮಾತೆಪ್ಪನವರು ಕೂಗಿದರು. “ಯವ್ವಾ, ಮುಂದ ಬಾ, ಮಾರಿ ಬಂತು!” ಎಂದು ಮಾಸ್ತರರು ತಾಯಿಯ ರಟ್ಟೆ ಹಿಡಿದು ಎಳೆದರು. ಸತ್ಯವ್ವ ಮಂಡಿಯೂರಿ ಮೂಗು ತಾಗುವಷ್ಟು ಹತ್ತಿರ ಬಂದಳು. ಅದೇ ಹೊತ್ತಿಗೆ, ಯಾರೂ ಮುಟ್ಟದೆ, ಕಲ್ಲಿನ ಮೇಲ್ಮೈ ಒಂದು ಹಪ್ಪಳದಂತೆ ಎದ್ದಿತು. ಎದ್ದದ್ದು ಜಾರಿತು. ನೆಲಕ್ಕೆ ಬಿದ್ದು ಕೆಂಪು ಮರಳಾಯಿತು. ಅದರ ಹಿಂದೆಯೇ ಬಿಲ್ಲು, ಭುಜ, ಚಂದ್ರ.

ಅದು ಬಾದಾಮಿಯ ಕಲ್ಲು. ಪದರ ಪದರವಾಗಿ ಸುಲಿಯುವ ಕಲ್ಲು. ಎಂದೋ ಒಳಗೊಳಗೇ ಬಿಟ್ಟುಹೋಗಿದ್ದ ಪದರವನ್ನು ಸೊಸೆಯಂದಿರ ಎಣ್ಣೆ ಹಿಡಿದು ನಿಲ್ಲಿಸಿತ್ತು. ಮೂವರಿಗೂ ಕಲ್ಲಿನ ಆ ಗುಣ ಗೊತ್ತಿತ್ತು. ಒಬ್ಬರು ಬರೆದಿದ್ದರು, ಒಬ್ಬರು ಓದಿದ್ದರು, ಒಬ್ಬರು ಮಕ್ಕಳಿಗೆ ಕಲಿಸಿದ್ದರು.

ಹಟ್ಟಿಯೊಳಗೆ ಒಂದು ಕುರಿ ಕೆಮ್ಮಿತು. ಅಮಾತೆಪ್ಪನವರು ಸೋಡಾದ ಖಾಲಿ ಪೊಟ್ಟಣವನ್ನು ಮಡಚುತ್ತಲೇ ಇದ್ದರು.

“ಏನಾತೋ?” ಎಂದಳು ಸತ್ಯವ್ವ.

ಮಾಸ್ತರರು ಹೇಳಿದರು. ಅವಳು ನೆಲ ತಡವಿ ಹಸಿ ಮರಳನ್ನು ಸೆರಗಿನಲ್ಲಿ ಬಳಿದುಕೊಂಡಳು. ಅದನ್ನು ಕಲ್ಲಿನ ಬುಡಕ್ಕೇ ಸುರಿದು, “ಎಣ್ಣಿ ತಾ,” ಎಂದಳು. ಅಷ್ಟೇ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಮಾಸ್ತರರಿಗೆ ಸ್ವಲ್ಪ ಹಗುರಾಗುತ್ತಿತ್ತು.

“ಏನರ ಕಂಡ್ತೇನಬೇ ನಿನಗ?” ಎಂದು ಮಾಸ್ತರರು, ಇಬ್ಬರೂ ಅತಿಥಿಗಳು ಹೋದ ಮೇಲೆ, ಕೇಳಿದರು.

“ಕೆಂಪು ಕಂಡ್ತು,” ಎಂದಳು. “ಕರಿಯಾಂವ ಅಂತ ತಿಳಕೊಂಡಿದ್ದೆ. ಕೆಂಪಗ ಅದಾನ.”

ಸುತ್ತು ಕಾಗದ ನಿಲ್ಲಲಿಲ್ಲ. ನಿಲ್ಲುತ್ತದೆಂದು ಮಾಸ್ತರರು ತಿಳಿದಿದ್ದರು. ಹದಿನೈದು ದಿನದಲ್ಲಿ ಮತ್ತೆ ತಗಡು ಬಡಿಯಿತು. ಅಮಾತೆಪ್ಪನವರ ಅಕ್ಷರದಲ್ಲಿ ಕ್ಷಮೆಯ ಎರಡು ಸಾಲು, ಅದರ ಕೆಳಗೆ: ‘ಆದರೂ ಬೀಳುವ ಮುಂಚೆ ನಾನು ಕಂಡದ್ದು ಹಂದಿಯ ಕೋರೆ.’ ಸುರುಳಿ ಬಾದಾಮಿಗೆ ಹೋಗಿ ಮರಳಿದಾಗ ಜಲಾಲುದ್ದೀನರು ಅದರ ಕೆಳಗೆ ಬರೆದಿದ್ದರು: ‘ಈಗ ಸತ್ಯ ಹೇಳಬೇಕು. ನಾನು ಕಂಡದ್ದು ಕೋಡು.’ ಕೆತ್ತನೆ ಹೋಗಿತ್ತು, ಜಗಳಕ್ಕೆ ಈಗ ಏನೂ ಅಡ್ಡಿ ಇರಲಿಲ್ಲ. ಮಾಸ್ತರರು ಸುರುಳಿಯನ್ನು ಬಿಚ್ಚಿ ಓದುತ್ತಿದ್ದರು, ಏನೂ ಬರೆಯದೆ ಮತ್ತೆ ಸುತ್ತುತ್ತಿದ್ದರು, ಮುಂದಿನ ಬಸ್ಸಿಗೆ ಕೊಡುತ್ತಿದ್ದರು. ಸಂಜೆ ಕಂದೀಲನ್ನು ಬೇಗ ಆರಿಸುತ್ತಿದ್ದರು. ಸತ್ಯವ್ವನ ಕಣ್ಣು ಪೂರಾ ಹೋದ ಮೇಲೆ ಸೋಮವಾರದ ಎಣ್ಣೆ ತರುವುದು ಅವರ ಪಾಲಿಗೆ ಬಂತು. ಅವಳ ಬೆರಳನ್ನು ಎಣ್ಣೆಯಲ್ಲಿ ಅದ್ದಿ ನುಣ್ಣನೆಯ ಕಲ್ಲಿನ ಮೇಲೆ ಇಡುವುದೂ ಅವರದೇ ಕೆಲಸ.

ಎಂಬತ್ತನಾಲ್ಕರ ಒಂದು ಸೋಮವಾರ ಅವರು ಅಂಗಡಿಯಿಂದ ಎಣ್ಣೆಯ ಬಾಟಲಿ ಹಿಡಿದು ಬರುವಾಗ ಬಸ್ಸು ನಿಂತಿತು. ಈ ಸಲ ಸುರುಳಿಯ ಜೊತೆಗೆ ಅಮಾತೆಪ್ಪನವರೇ ಇಳಿದರು. ಸೊರಗಿದ್ದರು. ಎರಡೂ ಕೈ ಹಿಡಿದರು.

“ಮಾಸ್ತರ, ಎರಡು ವರ್ಷಾತು ನೀವು ಒಂದಕ್ಷರ ಬರದಿಲ್ಲ. ನಾ ಹಂದಿ ಅಂತೇನಿ, ಜಲಾಲುದ್ದೀನ ಆಕಳ ಅಂತಾನ, ನಿಮ್ಮ ಕಡೇನ ಹೊಳ್ಳ್ಯಾನ. ಉಜ್ಜಿದವರು ನೀವು, ಎಲ್ಲಾರಕಿಂತ ಹತ್ರ ಇದ್ದವರು ನೀವು. ಒಂದ ಮಾತು ಹೇಳಿಬಿಡ್ರಿ, ಇಲ್ಲೇ ಇದನ್ನ ಮುಗಿಸೂಣು. ಖರೆ ಹೇಳ್ರಿ, ಏನ ಕಂಡ್ರಿ?”

“ಹೇಳಿಬಿಡ್ರಿ ಮಾಸ್ತರ,” ಎಂದರು ಬಾಗಿಲಲ್ಲಿ ನಿಂತ ಅಬ್ದುಲಸಾಬರು. “ನನ್ನ ಬಸ್ಸಿನ ವಜ್ಜಾ ಕಡಿಮಿ ಆಗಲಿ.”

ಮಾಸ್ತರರು ಕೈ ಬಿಡಿಸಿಕೊಂಡರು. ಬಾಟಲಿಯ ಬಿರಡೆ ಬಿಗಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಹಟ್ಟಿಯ ಕಡೆಯಿಂದ ಅವ್ವ ಕೂಗಿದ್ದು ಕೇಳಿಸಿತು.

“ಕಲ್ಲು ಬಿದ್ದಾಗ ನಾ ಕಲ್ಲು ಎಲ್ಲಿ ನೋಡಿದೆರಿ, ಅಮಾತೆಪ್ಪನೋರ,” ಎಂದರು ಅವರು, ಆಗಲೇ ಓಣಿಯ ಕಡೆ ತಿರುಗಿ ನಡೆಯುತ್ತ. “ಅವ್ವಗ ಕಂಡ್ತೋ ಇಲ್ಲೋ ಅಂತ ನಾ ಆಕಿ ಮಾರಿನ ನೋಡಾಕ ಹತ್ತಿದ್ದೆ.”